ಮೂರನೆಯ ಗೆರೆ

ಆರನೆಯ ಕಂತು

ಸೈಕಲ್ ಯಾರೋ ತೊಳೆದಿಟ್ಟಿದ್ದರು.

ನಂದಿತಾ ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಖಾಲಿ ಬಿಂದಿಗೆ ಬಾಗಿಲ ಚೌಕಟ್ಟಿಗೆ ತಗುಲಿ ಟಣ್ ಎಂದಿತು.

ಕೊಳಾಯಿಯಲ್ಲಿ ನೀರು ಬರುವ ಹೊತ್ತು. ಪಕ್ಕದ ಮನೆಯ ಮಿಕ್ಸಿ ಕೂಗಿ ಕೂಗಿ ನಿಂತಿತು. ನಂಜನಗೂಡಿನ ಆ ಬೀದಿಗೆ ಗುರುವಾರ ಎಂದಿನ ಗುರುವಾರವಾಗಿಯೇ ಬಂದಿತ್ತು. ಮಣ್ಣಾದ ಮೂರನೆಯ ದಿನದ ಹಾಲು ತುಪ್ಪ ಮುಗಿಸಿದ ನೆಂಟರು ನಿನ್ನೆ ಸಂಜೆಯೇ ಬಸ್ಸು ಹತ್ತಿದ್ದರು. ಇನ್ನು ಮನೆಯಲ್ಲಿ ಅತ್ತೆ ಮತ್ತು ಅವಳು, ಇಬ್ಬರೇ.

ಸೈಕಲ್ಲು ಅವಳ ಗಂಡ ಗುರುಪ್ರಸಾದನದು. ಭಾನುವಾರ ಮುಡುಕುತೊರೆ ಬೆಟ್ಟದ ಸೈಕಲ್ ರೇಸ್ ಮುಗಿದ ಮೇಲೆ, ಕಂಬಗಳ ಮೇಲೆ ಹಾದ ಮೇಲ್ಗಾಲುವೆಯ ಅಂಚಿನಿಂದ ಅವನ ಜೊತೆಗೇ ಇಪ್ಪತ್ತಡಿ ಕೆಳಕ್ಕೆ ಬಿದ್ದದ್ದು. ಕಾಲು ಜಾರಿ ಬಿದ್ದು ಸಾವು ಎಂದು ಬರೆದುಕೊಂಡ ಪೊಲೀಸರು ಸೋಮವಾರ ಅದನ್ನು ತಂದು ಹಿತ್ತಿಲ ಗೋಡೆಗೆ ಒರಗಿಸಿ ಹೋಗಿದ್ದರು. ಆಗ ಅದರ ಮೈತುಂಬ ಒಣಗಿದ ಕೆಸರಿತ್ತು. ಎಡ ಪೆಡಲಿನ ಪಕ್ಕದಲ್ಲಿ ಬೆರಳುದ್ದದ ನೀಲಿ ಬಣ್ಣದ ಗೀರು ಇತ್ತು. ಮಣ್ಣು ಮಾಡಿ ಬಂದ ಕಣ್ಣಿಗೆ ಬೇರೇನೂ ಕಾಣದಿದ್ದರೂ ಅದೊಂದು ಕಂಡಿತ್ತು. ಗುರುಪ್ರಸಾದನ ಸೈಕಲ್ಲು ಕೆಂಪು.

ಈಗ ಕೆಸರಿಲ್ಲ. ನೀಲಿ ಗೀರೂ ಇಲ್ಲ. ಆ ಜಾಗವನ್ನು ಉಜ್ಜಿ ಉಜ್ಜಿ ಪಾಲಿಶ್ ಹಾಕಿದ್ದರು.

ಸೀಟಿನ ಕೆಳಗಿನ ಪುಟ್ಟ ಚೀಲದ ಜಿಪ್ಪು ತೆರೆದಿತ್ತು. ಒಳಗಿದ್ದ ಸ್ಪಾನರು, ಪಂಕ್ಚರ್ ಡಬ್ಬಿ, ಎರಡು ಟ್ಯೂಬು, ಎಲ್ಲವನ್ನೂ ಹೊರತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ತೊಳೆಯಲು ಬಂದವರು ಚೀಲ ಬಿಚ್ಚುವುದಿಲ್ಲ.

"ಅತ್ತೆ, ಸೈಕಲ್ ಯಾರು ತೊಳೆದ್ರು?"

ಸರ್ವಮಂಗಳಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. "ಶಿವರಾಜು ಕಣಮ್ಮ. ಆರು ಗಂಟೆಗೇ ಬಂದಿದ್ದ. ನೀನು ಆಗತಾನೆ ಕಣ್ಣು ಮುಚ್ಚಿದ್ದೆ, ಎಬ್ಬಿಸಬೇಡಿ ಅಂದ. ನಾನು ಆ ಕೆಸರು ನೋಡಿ ನೋಡಿ ಸಂಕಟಪಡ್ತೀನಿ ಅಂತ ಪಾಪ ತಾನೇ ತೊಳೆದ." ಸೆರಗಿನಿಂದ ಮೂಗು ಒರೆಸಿಕೊಂಡರು. "ತಿಂಡಿ ತರ್ತೀನಿ ಅಂತ ಹೋದ. ಇನ್ನೇನು ಬರ್ತಾನೆ."

ಶಿವರಾಜು ಊರಿನ ದೊಡ್ಡ ಸೈಕಲ್ ಅಂಗಡಿಯ ಮಾಲೀಕ, ಸೈಕಲ್ ಬಳಗದ ಅಧ್ಯಕ್ಷ. ಗುರುಪ್ರಸಾದನ ಹತ್ತು ವರ್ಷದ ಗೆಳೆಯ. ಹೆಣಕ್ಕೆ ಹೆಗಲು ಕೊಟ್ಟವನು.

ಅವನು ಹುಡುಕಿದ್ದು ಏನನ್ನು?

ನಂದಿತಾ ಅಡುಗೆಮನೆಗೆ ಹೋಗಿ ಬಾಗಿಲು ಓರೆ ಮಾಡಿಕೊಂಡಳು. ರಾಗಿ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಶವಾಗಾರದಲ್ಲಿ ದಾರ ಕಟ್ಟಿ ಕೊಟ್ಟಿದ್ದ ಪ್ಲಾಸ್ಟಿಕ್ ಕವರ್ ಬೆರಳಿಗೆ ಸಿಕ್ಕಿತು. ಅದನ್ನು ಅಲ್ಲಿ ಇಟ್ಟಿದ್ದು ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಅದು ಕಣ್ಣಿಗೆ ಬೀಳಬಾರದಾಗಿತ್ತು, ಅಷ್ಟೆ.

ದಾರವನ್ನು ಹಲ್ಲಿನಿಂದ ಕಡಿದಳು.

ಕೈಗಡಿಯಾರ. ಬೀಗದ ಕೈ. ಒಡೆದ ಫೋನು. ಸೊಂಟಕ್ಕೆ ಕಟ್ಟುವ ಚೀಲ. ರೇಸಿನ ದಾರಿಗೆ ಕಟ್ಟಿದ್ದ ರಿಬ್ಬನ್ ಬಿಚ್ಚಿಕೊಂಡು ಬರಲು ಗುರು ಒಬ್ಬನೇ ನಾಲೆ ಏರಿಯ ಮೇಲೆ ಹೋಗಿದ್ದ ಎಂದು ಶಿವರಾಜು ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದ. ಸೊಂಟದ ಚೀಲದಲ್ಲಿ ಒಂದು ತುಂಡು ರಿಬ್ಬನ್ನೂ ಇರಲಿಲ್ಲ.

ಇದ್ದದ್ದು ಕೊರೊನಾ ಕಾಲದಲ್ಲಿ ಎಲ್ಲ ಬಾಗಿಲಲ್ಲೂ ಹಣೆಗೆ ಹಿಡಿಯುತ್ತಿದ್ದರಲ್ಲ, ಅಂಥ ಒಂದು ಬಿಳಿ ಜ್ವರದ ಗನ್ನು. ಹಿಡಿಯ ಮೇಲೆ ಮಾಸಿದ ಚೀಟಿ ಅಂಟಿಸಿತ್ತು: 'ಮಹಿಳಾ ಡೇರಿ, ಹೆಮ್ಮಿಗೆ.'

ರೇಸಿನಲ್ಲಿ ಗುರುಪ್ರಸಾದನ ಕೆಲಸ ಸೈಕಲ್ ತಪಾಸಣೆ. ಐಟಿಐಯಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುವವನಿಗೆ ಅದು ತಾನಾಗಿಯೇ ಬಂದ ಕೆಲಸ. ಸೀಟಿನ ಕೆಳಗಿನ ಕೊಳವೆಯೊಳಗೆ ತೋಳುದ್ದದ ಮೋಟಾರು ಬಚ್ಚಿಟ್ಟರೆ ಹೊರಗಿನಿಂದ ಏನೂ ಕಾಣುವುದಿಲ್ಲ ಎಂದು ಅವನೇ ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದ. ಆದರೆ ಬೆಟ್ಟ ಹತ್ತಿಸಿದ ಮೋಟಾರು ಕಾಯುತ್ತದೆ. ಕಾದ ಕೊಳವೆ ಸುಳ್ಳು ಹೇಳುವುದಿಲ್ಲ.

ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದಿದವಳಿಗೆ ಇನ್ನೇನೂ ವಿವರಿಸಬೇಕಾಗಿರಲಿಲ್ಲ. ಗನ್ನನ್ನು ಮೈಯ ಬದಲು ವಸ್ತುವಿನ ಬಿಸಿ ಅಳೆಯುವಂತೆ ಗುರು ಬದಲಿಸಿದ್ದ. ನಂದಿತಾ ಹಳೆಯ ಅಂಕಿ ತೋರಿಸುವ ಗುಂಡಿ ಒತ್ತಿದಳು. ಕೊನೆಯದು ಮೊದಲು ಬಂತು.

೩೧.೪. ಆಮೇಲೆ ೩೫.೧, ೩೪.೮, ೩೫.೬. ಒಂದೊಂದಾಗಿ ಹಿಂದಕ್ಕೆ ಹೋದಳು. ಎಲ್ಲ ಮೂವತ್ತನಾಲ್ಕು, ಮೂವತ್ತೈದರ ಆಸುಪಾಸು. ಹದಿನೈದನೆಯದು, ಅಂದರೆ ಗುರುಪ್ರಸಾದ್ ಎಲ್ಲಕ್ಕಿಂತ ಮೊದಲು ಹಿಡಿದದ್ದು: ೫೨.೬.

ರೇಸ್ ಮುಗಿಸಿದ ಸೈಕಲ್ಲುಗಳು ಹದಿನಾಲ್ಕು. ಅಂಕಿಗಳು ಹದಿನೈದು. ಮೊದಲು ಹಿಡಿದದ್ದು ಮೊದಲು ಬಂದವನ ಸೈಕಲ್ಲಿಗೇ ಇರಬೇಕು. ಕೊನೆಯ ಮೂವತ್ತೊಂದು ಯಾವುದರದು?

ಅವಳು ಒಂದೊಂದು ಅಂಕಿಯನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡಳು.

ಫೋನ್ ಕೈಯಲ್ಲಿದ್ದಾಗಲೇ ಅವನ ಕೊನೆಯ ಮೆಸೇಜು ತೆರೆದಳು. ಭಾನುವಾರ ಎರಡೂ ನಲವತ್ತು. ಎರಡು ಫೋಟೋ. ಕೆಳಗೆ: 'ವ್ಯತ್ಯಾಸ ಹೇಳು. ಮನೆಗೆ ಬಂದು ಕೇಳ್ತೀನಿ.' ಪೇಪರಿನಲ್ಲಿ ಬರುತ್ತಿದ್ದ ಜೋಡಿ ಚಿತ್ರದ ಆಟ ಅವರಿಬ್ಬರಿಗೂ ಹುಚ್ಚು. ಅವತ್ತು ಅವಳು ಬಟ್ಟೆ ಒಗೆಯುತ್ತಿದ್ದಳು. ಆಮೇಲೆ ನೋಡೋಣ ಎಂದುಕೊಂಡಿದ್ದಳು.

ಎರಡರಲ್ಲೂ ಒಂದೇ ನೀಲಿ ಸೈಕಲ್ಲು, ಒಂದೇ ಒಂಬತ್ತನೇ ನಂಬರಿನ ಬಿಲ್ಲೆ. ಮೊದಲನೆಯದು ಬೆಳಗ್ಗೆ ಪೂಜೆಯ ಹೊತ್ತಿನದು. ಎರಡನೆಯದು ರೇಸ್ ಮುಗಿದು ತಪಾಸಣೆಯ ಮೇಜಿನ ಮುಂದೆ ನಿಲ್ಲಿಸಿದ್ದಾಗಿನದು. ಎರಡರಲ್ಲೂ ಹ್ಯಾಂಡಲಿನ ಕೆಳಗೆ ವಿಭೂತಿ, ಕುಂಕುಮ. ವ್ಯತ್ಯಾಸ ಕಾಣಲಿಲ್ಲ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು.

ಗನ್ನು ರಾಗಿಯೊಳಗೆ ಹೋಯಿತು.

*

"ಅಮ್ಮಾ, ಬಿಸಿ ಇಡ್ಲಿ. ಆರಿಸಬೇಡಿ, ಒಂದೆರಡು ತಿನ್ನಿ." ಶಿವರಾಜು ಚಪ್ಪಲಿ ಬಿಟ್ಟು ಒಳಗೆ ಬಂದ. ಎತ್ತರದ ಆಳು. ಧ್ವನಿ ಮಾತ್ರ ಮೆದು. "ಎದ್ಯಾ ತಂಗಿ? ನಿದ್ದೆ ಬಂತಾ ಸ್ವಲ್ಪ?"

"ಬಂತು ಶಿವರಾಜಣ್ಣ."

ಸರ್ವಮಂಗಳಮ್ಮ ಅವನ ತಲೆ ಸವರಿ ವಿಭೂತಿಯ ತಟ್ಟೆ ಮುಂದೆ ಸರಿಸಿದರು. ಅವನು ಇಡ್ಲಿಯ ಪೊಟ್ಟಣ ಕೆಳಗಿಟ್ಟು, ಅವರ ಎದುರು ಚಕ್ಕಳಮಕ್ಕಳ ಹಾಕಿ ಕೂತ.

"ಆಸ್ಪತ್ರೆಯಲ್ಲಿ ಒಂದು ಕವರ್ ಕೊಟ್ರಲ್ಲ ತಂಗಿ, ಎಲ್ಲಿಟ್ಟಿದ್ದೀಯ?"

"ಯಾಕಣ್ಣ?"

"ಏನಿಲ್ಲ. ಅದ್ರಲ್ಲಿ ನಮ್ಮ ಬಳಗದ್ದೊಂದು ಸಾಮಾನಿದೆ. ಜ್ವರ ನೋಡೋ ಗನ್ನು. ಫಸ್ಟ್ ಏಡ್ ಪೆಟ್ಟಿಗೆದು."

ಹಿಡಿಯ ಮೇಲಿನ ಚೀಟಿ ನಂದಿತಾಳ ಕಣ್ಣ ಮುಂದೆ ಬಂತು. ಬಳಗದ್ದಲ್ಲ, ಡೇರಿಯದು. ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಬೇಗ ಸುಳ್ಳು ಬೇಕಾಯಿತೆ?

"ನಾನಿನ್ನೂ ಕವರ್ ಬಿಚ್ಚಿಲ್ಲ," ಅಂದಳು.

"ನಾನೇ ಬಿಚ್ಚಿ ತಗೋತೀನಿ ಬಿಡು. ನಿನಗ್ಯಾಕೆ ಆ ಹಿಂಸೆ."

"ಏ, ಇರಪ್ಪಾ," ಸರ್ವಮಂಗಳಮ್ಮ ಕೈ ಅಡ್ಡ ಹಿಡಿದರು. "ಸಾವಾದ ಮನೆಯಿಂದ ಹನ್ನೊಂದು ದಿನ ಒಂದು ಸಾಮಾನೂ ಆಚೆ ಹೋಗೋ ಹಾಗಿಲ್ಲ. ಯಾರದ್ದಾದ್ರೂ ಇರ್ಲಿ. ನಮ್ಮ ಮನೇಲಿ ಹುಟ್ಟಿದವನ ಥರ ಇದ್ದೀಯ, ನಿನಗೆ ಗೊತ್ತಿಲ್ವಾ?"

ಶಿವರಾಜು ನಕ್ಕ. ಕಣ್ಣು ನಗಲಿಲ್ಲ. "ಗೊತ್ತು ಬಿಡೀಮ್ಮ. ಅವಸರ ಇಲ್ಲ."

"ಭಾನುವಾರ ಯಾರಿಗೆ ಜ್ವರ ಬಂದಿತ್ತು ಶಿವರಾಜಣ್ಣ?" ನಂದಿತಾ ಲೋಟಕ್ಕೆ ನೀರು ಬಗ್ಗಿಸುತ್ತ ಕೇಳಿದಳು.

"ಯಾರಿಗೂ ಇಲ್ಲ. ನಿನ್ನ ಗಂಡನಿಗೆ ಮೋಟಾರಿನ ಹುಚ್ಚು, ನಿನಗೇ ಗೊತ್ತಲ್ಲ. ಎಲ್ಲ ಸೈಕಲ್ಲಿಗೂ ಅದನ್ನ ಹಿಡಿದ. ಹುಡುಗರೆಲ್ಲ ನಕ್ಕರು. ಮೇಷ್ಟ್ರೇ, ನಮ್ಮ ಸೈಕಲ್ಲಿಗೆ ಮಾತ್ರೆ ಬರ್ಕೊಡಿ ಅಂತ."

"ನೀವೂ ಮೋಟಾರು ಬೇಡ ಅಂದವರೇ ಅಲ್ವಾ?"

"ಬೇಡ್ವೇ ಬೇಡ. ಇವತ್ತೂ ಅದೇ ಹೇಳ್ತೀನಿ." ಅವನ ಬೆನ್ನು ನೆಟ್ಟಗಾಯಿತು. "ಬೆಟ್ಟ ಹತ್ತಬೇಕಾದ್ದು ಕಾಲು. ಕರೆಂಟಲ್ಲ. ನಮ್ಮ ಗುರುಗೆ ಕರುಣೆ ಜಾಸ್ತಿ. ಮಂಡಿ ನೋವಿರೋರು, ಐವತ್ತು ದಾಟಿದೋರು, ಎಲ್ಲಾರೂ ಬರ್ಲಿ, ಕರೆಂಟ್ ಸೈಕಲ್ಲಿಗೆ ಬೇರೆ ಪಟ್ಟಿ ಮಾಡೋಣ, ಬೇರೆ ಬಹುಮಾನ ಕೊಡೋಣ ಅಂದ. ಇವತ್ತು ಬೇರೆ ಪಟ್ಟಿ, ನಾಳೆ ಒಂದೇ ಪಟ್ಟಿ. ಬೆವರು ಹರಿಸಿದವನಿಗೆ ಏನು ಬೆಲೆ?"

ಆ ಸಭೆ ನಂದಿತಾಳಿಗೆ ನೆನಪಿತ್ತು. ಇದೇ ನಡುಮನೆಯಲ್ಲಿ ನಡೆದಿತ್ತು. ಶಿವರಾಜು ಮೇಜು ಗುದ್ದಿದ್ದ. ಗುರುಪ್ರಸಾದ್ ಮಾತ್ರ ಕಡಲೆಪುರಿ ಮೆಲ್ಲುತ್ತ, 'ಎದುರಿಗೆ ಇಟ್ಟ ಮೋಟಾರು ಮೋಸ ಅಲ್ಲ ಕಣೋ, ಮುಚ್ಚಿಟ್ಟದ್ದು ಮೋಸ. ನೀನು ಎದುರಿಗೆ ಇಡೋಕೆ ಬಿಡದೇ ಹೋದ್ರೆ ಮುಚ್ಚಿಡೋನಿಗೇ ಲಾಭ,' ಎಂದಿದ್ದ. ಕೈ ಎತ್ತಿಸಿದಾಗ ಶಿವರಾಜು ಗೆದ್ದ. ಮೋಟಾರಿಗೆ ಪ್ರವೇಶವಿಲ್ಲ ಎಂದಾಯಿತು.

ಭಾನುವಾರದ ರೇಸ್ ಗೆದ್ದದ್ದು ಅವನದೇ ಅಂಗಡಿಯ ಜೆರ್ಸಿ ತೊಟ್ಟ, ಅವನೇ ತರಬೇತಿ ಕೊಟ್ಟ ನಂಜೇಶ. ಸೋಮವಾರವೇ ಅಂಗಡಿಯ ಮುಂದೆ ನೀಲಿ ಸೈಕಲ್ಲಿನ ದೊಡ್ಡ ಬ್ಯಾನರ್ ಬಿದ್ದಿತ್ತು. ಹೆಣ ಹೊತ್ತವರು ಅದರ ಕೆಳಗೇ ಹಾದು ಹೋಗಿದ್ದರು.

"ನಂಜೇಶನ ಸೈಕಲ್ಲಿಗೂ ಹಿಡಿದ್ರಾ?"

"ಹಿಡಿಯದೇ ಇರ್ತಾನಾ? ಮೇಜಿನ ಹತ್ತಿರ ಹಿಡಿದಾಗ ಮೂವತ್ತೊಂದು ತೋರಿಸ್ತು. ತಣ್ಣಗಿತ್ತು. ಅವನೇ ನೋಡಿ ತಲೆ ಅಲ್ಲಾಡಿಸಿದ."

"ಅದು ಎರಡನೇ ಸಲ."

ನಂದಿತಾ ನೀರಿನ ಲೋಟವನ್ನು ಅವನ ಮುಂದಿಟ್ಟಳು.

ಹೇಳಬಾರದಿತ್ತು. ಮಾತು ಹೊರಬಿದ್ದ ಮೇಲೆ ನಂದಿತಾಳಿಗೆ ಅದು ಹೊಳೆಯಿತು.

"ಕವರ್ ಬಿಚ್ಚಿಲ್ಲ ಅಂದೆ," ಶಿವರಾಜು ಮೆತ್ತಗೆ ಅಂದ.

"ಅವರೇ ಫೋನ್ ಮಾಡಿ ಹೇಳಿದ್ರು. ಎರಡು ಸಲ ಹಿಡಿದೆ ಅಂತ."

"ಎಷ್ಟು ಗಂಟೆಗೆ?"

"ನೆನಪಿಲ್ಲ."

ಅವನು ಅವಳನ್ನೇ ನೋಡಿದ. ರೆಪ್ಪೆ ಹೊಡೆಯಲಿಲ್ಲ. ನೋಡುತ್ತಲೇ ವಿಭೂತಿಯ ತಟ್ಟೆಗೆ ಮೂರು ಬೆರಳು ಒತ್ತಿ ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದುಕೊಂಡ. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಕನ್ನಡಿ ಬೇಕಿಲ್ಲ. ಮೂರು ಗೆರೆ, ನೂಲು ಹಿಡಿದಂತೆ.

ನಂದಿತಾಳ ಕಣ್ಣು ಆ ಮೂರನೆಯ ಗೆರೆಯ ಮೇಲೆ ನಿಂತಿತು.

ಸೋಮವಾರ ಕ್ರಿಯಾಸಮಾಧಿಗೆ ಕೂರಿಸುವ ಮುಂಚೆ ಗುರುಪ್ರಸಾದನ ಹಣೆಗೆ ವಿಭೂತಿ ಹಚ್ಚಿದ್ದು ಪೂಜೆ ಮಾಡಿಸುವ ಜಂಗಮರು, ಕಲ್ಲಯ್ಯನವರು. ಆಲೆಮನೆಯ ಗಾಣಕ್ಕೆ ಸಿಕ್ಕಿ ಅವರ ಉಂಗುರದ ಬೆರಳು ಅರ್ಧಕ್ಕೇ ಹೋಗಿ ಎಷ್ಟೋ ವರ್ಷವಾಯಿತು. ಅವರ ಕೈಯಿಂದ ಎರಡೇ ಗೆರೆ ಬೀಳುವುದು. ಅವತ್ತು ಸರ್ವಮಂಗಳಮ್ಮ ಮುಂದೆ ಬಂದು, ತಮ್ಮ ಬೆರಳಿನಿಂದ ಮಗನ ಹಣೆಗೆ ಮೂರನೆಯದನ್ನು ಎಳೆದಿದ್ದರು.

ರೇಸಿನ ಬೆಳಗ್ಗೆ ಸೈಕಲ್ಲುಗಳಿಗೆ ಪೂಜೆ ಮಾಡಿದ್ದೂ ಕಲ್ಲಯ್ಯನವರೇ.

"ಹಾಲು ಉಕ್ಕುತ್ತೆ," ಎಂದು ಎದ್ದು ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಹಾಲಿರಲಿಲ್ಲ. ಫೋಟೋ ತೆರೆದು ಬೆರಳಿನಲ್ಲಿ ಹಿಗ್ಗಿಸಿದಳು.

ಬೆಳಗಿನ ನೀಲಿ ಸೈಕಲ್ಲಿಗೆ ಎರಡು ಗೆರೆ. ಅದರ ಹಿಂದೆ ಸಾಲಾಗಿ ನಿಂತ ಎಲ್ಲ ಸೈಕಲ್ಲುಗಳಿಗೂ ಎರಡೇ ಗೆರೆ.

ಮೇಜಿನ ಮುಂದಿನ ನೀಲಿ ಸೈಕಲ್ಲಿಗೆ ಮೂರು.

ಓಡಿದ್ದು ಒಂದು, ತೋರಿಸಿದ್ದು ಇನ್ನೊಂದು. ಮೊದಲ ಸಲ ಬಿಸಿ ಕಂಡಿತೆಂದು ಗುರು ಸೈಕಲ್ಲನ್ನು ಮೇಜಿಗೆ ಕರೆಸಿದ್ದಾನೆ. ಅಷ್ಟರಲ್ಲಿ ಅದರ ತಮ್ಮನಂತಿದ್ದ ಇನ್ನೊಂದನ್ನು ತಂದು ನಿಲ್ಲಿಸಿದ್ದಾರೆ. ಬಿಲ್ಲೆ ಬದಲಾಯಿಸಿದರು, ಕೆಸರು ಬಳಿದರು, ಕುಂಕುಮ ಹಚ್ಚಿದರು. ವಿಭೂತಿ ಹಚ್ಚುವಾಗ ಮಾತ್ರ ಯಾರೂ ಯೋಚಿಸಲಿಲ್ಲ. ಕೈ ತಾನೇ ಮೂರು ಎಳೆಯಿತು.

ಗುರುಪ್ರಸಾದ್ ಅದನ್ನು ಕಂಡಿದ್ದ. ಕಂಡದ್ದನ್ನು ಅವಳಿಗೆ ಆಟದಂತೆ ಕಳಿಸಿದ್ದ. ಅದಾಗಿ ಎರಡೂವರೆ ತಾಸಿಗೆ ಮೇಲ್ಗಾಲುವೆಯ ಕೆಳಗೆ ಹೆಣವಾಗಿ ಸಿಕ್ಕಿದ್ದ.

"ತಂಗಿ."

ಶಿವರಾಜು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನ ನೋಟ ಒಲೆಯ ಮೇಲೆ ಹರಿಯಿತು, ಕಪಾಟಿನ ಮೇಲೆ ಹರಿಯಿತು, ನೆಲದ ಮೇಲೆ ಚೆಲ್ಲಿದ್ದ ನಾಲ್ಕು ಕಾಳು ರಾಗಿಯ ಮೇಲೆ ನಿಂತಿತು.

"ಸಂಜೆ ಬರ್ತೀನಿ," ಅಂದ.

ಹಿಂದೆ ಸರ್ವಮಂಗಳಮ್ಮ ಬೆಚ್ಚಿದರು. ಸಾವಾದ ಮನೆಯಿಂದ ಹೊರಡುವವರು ಯಾರೂ ಆ ಮಾತು ಆಡುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ.

*

"ಫೋಟೋ ಸಾಲಲ್ಲ ಮೇಡಂ," ಫೋನಿನಲ್ಲಿ, ಗುರುಪ್ರಸಾದನ ಸಾವಿನ ಕೇಸು ನೋಡುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ಪವಿತ್ರಾ ಹೇಳಿದಳು. "ಯಾವ ಗನ್ನಿನದ್ದೋ ಫೋಟೋ ಅಂತಾರೆ ನಾಳೆ. ಗನ್ನೇ ಬೇಕು. ಅದನ್ನ ನಿಮ್ಮ ಯಜಮಾನರಿಗೆ ಕೊಟ್ಟವರು ಗುರುತು ಹಿಡೀಬೇಕು. ಯಾವತ್ತು ಕೊಟ್ಟೆ, ಯಾಕೆ ಕೊಟ್ಟೆ ಅಂತ ಹೇಳ್ಬೇಕು."

"ಹೆಮ್ಮಿಗೆ ಡೇರಿದು."

"ನಾನು ಇವತ್ತು ಮೈಸೂರು ಕೋರ್ಟಲ್ಲಿದ್ದೀನಿ. ಆರು ಗಂಟೆಗೆ ಡೇರಿ ಹತ್ರ ಬರ್ತೀನಿ. ನೀವು ಅಲ್ಲಿಗೇ ಬನ್ನಿ. ಜನ ಇರೋ ಕಡೆ ಇರಿ. ಮನೇಲಿ ಒಬ್ಬರೇ ಇರಬೇಡಿ."

ಮನೆಯಲ್ಲಿ ಇರಲು ಅವಳಿಗೂ ಧೈರ್ಯವಿರಲಿಲ್ಲ. ಅತ್ತೆಯನ್ನು ಪಕ್ಕದ ಮನೆಯಲ್ಲಿ ಕೂರಿಸಿ, ಮರಣ ಪ್ರಮಾಣಪತ್ರದ ಅರ್ಜಿ ಕೊಡಬೇಕೆಂದು ಹೇಳಿ ಹೊರಟಳು. ಗನ್ನು ಊಟದ ಡಬ್ಬಿಯ ಚೀಲದಲ್ಲಿ, ಟವೆಲಿನೊಳಗೆ. ಸಾವಾದ ಮನೆಯಿಂದ ಸಾಮಾನು ಆಚೆ ಹೋಗುತ್ತಿತ್ತು. ಹೊಸಲು ದಾಟುವಾಗ ಒಂದು ಗಳಿಗೆ ಕಾಲು ತಡೆಯಿತು.

ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು.

"ಎಲ್ಲಿದ್ದೀಯ ತಂಗಿ? ಮನೆಗೆ ಬೀಗ ಇದೆ."

"ಇಲ್ಲೇ... ನಗರಸಭೆ ಹತ್ರ."

"ಹೌದಾ." ಅಷ್ಟರಲ್ಲಿ ಕಂಡಕ್ಟರ್ ಬಸ್ಸಿನ ತಗಡು ಬಡಿಯುತ್ತ ಹೆಮ್ಮಿಗೆಯ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ: "ಯಾರ‍್ರೀ ಎಮ್ಮಿಗೆ, ಎಮ್ಮಿಗೆ! ಅತ್ಕಳಿ ಅತ್ಕಳಿ!"

ಫೋನ್ ಕಟ್ಟಾಯಿತು. ಕಟ್ಟು ಮಾಡಿದ್ದು ಅವಳಲ್ಲ.

ಬಸ್ಸಿನಲ್ಲಿ ಅವಳು ಹಿಂದಿನ ಗಾಜನ್ನೇ ನೋಡುತ್ತ ಕೂತಳು. ಭತ್ತದ ಗದ್ದೆಗಳು, ನಾಲೆಯ ಏರಿ, ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರು. ನಾಲೆಯ ಪಕ್ಕದ ಮರಗಳಿಗೆ ರೇಸಿನ ಕಿತ್ತಳೆ ರಿಬ್ಬನ್ನುಗಳು ಇನ್ನೂ ಕಟ್ಟಿಕೊಂಡೇ ಇದ್ದವು, ಒಂದೂ ಬಿಚ್ಚದೆ. ಶಿವರಾಜುವಿನ ಬಿಳಿ ಕಾರು ಎಲ್ಲೂ ಕಾಣಲಿಲ್ಲ. ಕಾಣದಿದ್ದುದಕ್ಕೇ ಹೆದರಿಕೆಯಾಯಿತು.

*

ಡೇರಿಯ ಮುಂದೆ ಹತ್ತು ಹನ್ನೆರಡು ಹೆಂಗಸರು ಕ್ಯಾನು ಹಿಡಿದು ಸಾಲು ನಿಂತಿದ್ದರು. ಐದೂ ಇಪ್ಪತ್ತು.

"ನಿನ್ ಎಮ್ಮೆಗಿಂತ ನಿನ್ ಬೋರ್‌ವೆಲ್ಲೇ ಜಾಸ್ತಿ ಕೊಟ್ಟದೆ ಕಣಕ್ಕ ಇವತ್ತು," ಒಬ್ಬಳು ಮುಂದಿನವಳ ಕ್ಯಾನಿನೊಳಗೆ ಇಣುಕಿ ಅಂದಳು.

"ಓಗೇ, ನಿನ್ ಅಸು ಕೊಡಾದು ಸೋಪಿನ ನೊರೆ. ಮಿಷನ್ನೇ ನಗ್ತದೆ."

ನಗು ಎದ್ದಿತು. ಆ ನಗುವಿನ ನಡುವೆ ನಿಂತಾಗ ನಂದಿತಾಳಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು. ನಲವತ್ತು ನಿಮಿಷ. ಇಲ್ಲೇ ನಿಂತಿದ್ದರೆ ಸಾಕು.

"ಚಿಕ್ಕಮಾದಮ್ಮ ಅಂದ್ರೆ?" ಬೋರ್ಡಿನ ಮೇಲಿದ್ದ ಕಾರ್ಯದರ್ಶಿಯ ಹೆಸರು ಓದಿ ನಂದಿತಾ ಕೇಳಿದಳು.

"ನಾನೇ ಕಣವ್ವ." ಮಿಷನ್ನಿನ ಹಿಂದೆ ಕೂತಿದ್ದ ಹೆಂಗಸು ತಲೆ ಎತ್ತಿದಳು. ಡೇರಿಯ ಕಾರ್ಯದರ್ಶಿ. ಐವತ್ತರ ಹತ್ತಿರ, ಗಟ್ಟಿ ಮೈ, ನಿದ್ದೆಯಿಲ್ಲದ ಕಣ್ಣು. "ನೀವ್ಯಾರು?"

"ಗುರುಪ್ರಸಾದ್ ಅವರ ಮನೆಯವಳು. ನಂಜನಗೂಡು."

ಚಿಕ್ಕಮಾದಮ್ಮನ ಕೈಯಲ್ಲಿದ್ದ ಹಾಲಿನ ಅಳತೆ ಅಲ್ಲೇ ನಿಂತಿತು. ಅವಳು ಎದ್ದು, ನಂದಿತಾಳ ರಟ್ಟೆ ಹಿಡಿದು ಒಳಗೆಳೆದುಕೊಂಡಳು. "ಮಿಷನ್ ಕೆಟ್ಟೋಗದೆ, ಅತ್ತು ನಿಮ್ಸ ತಡೀರಿ," ಎಂದು ಹೊರಗಿನವರಿಗೆ ಕೂಗಿ ಶಟರನ್ನು ನೆಲದಿಂದ ಗೇಣು ಬಿಟ್ಟು ಎಳೆದಳು.

ಒಳಗೆ ಅರೆಗತ್ತಲು. ಹಸಿ ಹಾಲಿನ ವಾಸನೆ.

"ಮೇಷ್ಟ್ರು ಒಳ್ಳೇರು," ಚಿಕ್ಕಮಾದಮ್ಮ ಅಂದಳು. "ಶನಿವಾರ ಬಂದು ಕೇಳುದ್ರು. ಜ್ವರದ ಗನ್ನು ಕೊಡಿ ಮಾದಮ್ನೋರೇ, ನಾಳಿಕ್ ಸಂಜ್ಗೆ ತಂದ್ಕೊಡ್ತೀನಿ ಅಂದ್ರು. ಪೆಟ್ಗೆ ಒಳಗೆ ಸುಮ್ನೆ ಬಿದ್ದಿತ್ತು, ಕೊಟ್ಟೆ. ಯಾತುಕ್ಕೆ ಅಂತ ಕೇಳ್ನಿಲ್ಲ ಕಣವ್ವ. ಕೇಳ್ಬೇಕಿತ್ತು."

"ಅದನ್ನೇ ಪೊಲೀಸಿನವರ ಮುಂದೆ ಹೇಳಿದ್ರೆ ಸಾಕು. ಆರಕ್ಕೆ ಬರ್ತಾರೆ. ಗೆದ್ದ ಸೈಕಲ್ಲಲ್ಲಿ ಮೋಟಾರಿತ್ತು. ಇದರೊಳಗೆ ಅದರ ಲೆಕ್ಕ ಇದೆ."

ಚಿಕ್ಕಮಾದಮ್ಮ ತಿರುಗಿ ನೋಡಿದಳು. ಅವಳ ಹಿಂದೆ, ಹಾಲಿನ ಪರೀಕ್ಷೆಯ ಬಾಟಲಿಗಳ ಪಕ್ಕದಲ್ಲಿ ಹಿತ್ತಾಳೆಯ ದೊಡ್ಡ ಕಪ್ಪು ಹೊಳೆಯುತ್ತಿತ್ತು. ಅದಕ್ಕೆ ಒಂದು ಫೋಟೋ ಒರಗಿಸಿತ್ತು. ನೀಲಿ ಜೆರ್ಸಿ, ನೀಲಿ ಸೈಕಲ್ಲು, ಹಲ್ಲು ಬಿಟ್ಟು ನಗುವ ತರುಣ.

ನಂದಿತಾ ಆ ಮುಖವನ್ನು ಗುರುತು ಹಿಡಿದಳು.

"ನಂಜೇಶ..."

"ನನ್ ಮಗ."

ನಂದಿತಾ ಚೀಲವನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ಬೆನ್ನಿಗೆ ಶಟರು ತಗುಲಿತು. ಊರಿಗೆಲ್ಲ ಹೇಳಬೇಕಾದ್ದನ್ನು ಅವಳು ಹೇಳಬಾರದವಳಿಗೇ ಹೇಳಿದ್ದಳು.

"ಎದುರ್ಕೋಬೇಡ," ಚಿಕ್ಕಮಾದಮ್ಮ ಪಿಸುಗುಟ್ಟಿದಳು. "ನಾನೇ ಎದ್ರಿ ಸಾಯ್ತಿವ್ನಿ. ಬಾನುವಾರ ಕಪ್ಪು ತಕ್ಕಂಡು ಬಂದ. ಅಟ್ಟೀಲಿ ಕುಂತ್ಕಂಡು ಒಂದೇ ಸಮ ಅತ್ತ. ಯಾಕ್ಲಾ ಮಗ ಅಂದ್ರೆ, ಅವ್ವ, ನಾನು ಮುಟ್ನಿಲ್ಲ, ಮೇಷ್ಟ್ರನ್ನ ನಾನು ಮುಟ್ನಿಲ್ಲ ಅಂದ. ಅಷ್ಟೊತ್ಗೆ ಅಂಗಡಿ ಸಾವ್ಕಾರ್ರು ಬಂದು ಕಾರಲ್ಲಿ ಕೂರಿಸ್ಕಂಡೋದ್ರು. ಬೆಂಗ್ಳೂರಲ್ಲಿ ಕ್ಯಾಂಪು ಅಂದ್ರು. ನಾಕು ದಿನ ಆಯ್ತು. ಮಗ ಒಂದು ಫೋನು ಮಾಡ್ನಿಲ್ಲ ಕಣವ್ವ."

ಹೊರಗೆ ಹೆಂಗಸರ ದನಿ ಒಮ್ಮೆಗೇ ಗೆಲುವಾಯಿತು.

"ಓ, ಬನ್ನಿ ಸಾ, ಬನ್ನಿ! ಸೈಕಲ್ ಸಾವ್ಕಾರ್ರು ಬಂದ್ರು! ನಮ್ಗೂ ಒಂದೊಂದು ಸೈಕಲ್ ಕೊಡಿ ಸಾ, ಆಲು ಆಕಕ್ಕೆ ಬತ್ತೀವಿ!"

"ಕೊಡೋಣ ಅಕ್ಕಾ, ಎಲ್ಲಾರ‍್ಗೂ ಕೊಡೋಣ." ಅದೇ ಮೆದು ಧ್ವನಿ. ಹೆಜ್ಜೆಗಳು ಸಾಲನ್ನು ದಾಟಿ ಹತ್ತಿರ ಬಂದವು. ಶಟರಿನ ಕೆಳಗಿನ ಗೇಣು ಬೆಳಕಿನಲ್ಲಿ ಎರಡು ಕಂದು ಚಪ್ಪಲಿಗಳು ಕಂಡವು.

"ಮಾದಮ್ಮಕ್ಕ, ನಾನು. ನಂಜೇಶ ಮಾತಾಡ್ಬೇಕು ಅಂತಿದ್ದ. ಫೋನಲ್ಲಿ ಇದ್ದಾನೆ ನೋಡು."

ಒಂದು ಕೈ ಬಗ್ಗಿ, ಫೋನನ್ನು ಸಂದಿಯ ಕೆಳಗೆ ಒಳಗೆ ತಳ್ಳಿತು. ಸ್ಪೀಕರ್ ಹಾಕಿತ್ತು.

"ಅವ್ವಾ," ಎಂದಿತು ಫೋನು. ಗಂಟಲು ಒಣಗಿದ ದನಿ. "ಅವ್ವಾ, ಅವ್ರು ಕೇಳಿದ್ದು ಕೊಟ್ಬುಡವ್ವಾ."

ಅಲ್ಲಿಗೆ ಅದು ಕಟ್ಟಾಯಿತು.

"ಅಷ್ಟೇ ಅಕ್ಕ," ಹೊರಗಿನಿಂದ ಶಿವರಾಜು ಹೇಳಿದ. ಕೇಳಿದವರಿಗೆ ಮನೆಮಾತು ಆಡುತ್ತಿದ್ದಾನೆ ಅನ್ನಿಸಬೇಕು, ಹಾಗೆ. "ನಿಮ್ಮ ಡೇರಿ ಸಾಮಾನು ನಿಮಗೆ ವಾಪಸ್ ಬಂದಿದೆ ಅಲ್ವಾ? ಅದನ್ನ ನನ್ ಕೈಗೆ ಕೊಡು. ರಾತ್ರಿ ಊಟಕ್ಕೆ ಮಗ ಮನೇಲಿರ್ತಾನೆ."

ಗೋಡೆಯ ಗಡಿಯಾರದಲ್ಲಿ ಐದೂ ನಲವತ್ತು. ಪವಿತ್ರಾ ಬರಲು ಇನ್ನೂ ಇಪ್ಪತ್ತು ನಿಮಿಷ.

ಚಿಕ್ಕಮಾದಮ್ಮ ನೆಲದ ಮೇಲಿದ್ದ ಫೋನನ್ನು ನೋಡಿದಳು, ಆಮೇಲೆ ನಂದಿತಾಳನ್ನು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಕೈ ಮುಂದೆ ಚಾಚಿದಳು. ಹಾಲು ಒಣಗಿ ಬಿಳಿಚಿಕೊಂಡ ಅಂಗೈ.

"ಕೊಡವ್ವ. ಅದು ನಮ್ದು."

ಕೂಗಿಕೊಳ್ಳಬಹುದಿತ್ತು. ಹೊರಗೆ ಹನ್ನೆರಡು ಹೆಂಗಸರಿದ್ದರು. ಕೂಗಿದರೆ ಶಿವರಾಜು ನಗುತ್ತ ಹಿಂದೆ ಸರಿಯುತ್ತಿದ್ದ, ಇನ್ನೆಲ್ಲೋ ಒಂದು ಫೋನು ಹೋಗುತ್ತಿತ್ತು, ಇನ್ನೊಂದು ಮನೆಯಲ್ಲಿ ಹಾಲು ತುಪ್ಪ ಆಗುತ್ತಿತ್ತು. ಸುಮ್ಮನಿದ್ದರೆ ಗುರುಪ್ರಸಾದ್ ಕಾಲು ಜಾರಿ ಸತ್ತವನಾಗಿಯೇ ಉಳಿಯುತ್ತಿದ್ದ.

ನಂದಿತಾ ಟವೆಲು ಬಿಚ್ಚಿದಳು.

"ಭಾನುವಾರ ಸಂಜೆಗೆ ತಂದುಕೊಡ್ತೀನಿ ಅಂದಿದ್ರು," ಅಂದಳು. ತನ್ನ ದನಿ ತನಗೇ ಯಾರದೋ ಎಂಬಂತೆ ಕೇಳಿಸಿತು. "ತಡ ಆಯ್ತು."

ಗಂಡ ಎರವಲು ತಂದಿದ್ದನ್ನು ಬಲಗೈಯಲ್ಲಿ ಹಿಡಿದು ಆ ಅಂಗೈಯ ಮೇಲೆ ಇಟ್ಟಳು. ಚಿಕ್ಕಮಾದಮ್ಮನ ಬೆರಳುಗಳು ಒಂದೊಂದಾಗಿ ಅದರ ಸುತ್ತ ಮುಚ್ಚಿಕೊಂಡವು. ಅವಳ ಇನ್ನೊಂದು ಕೈ ಆಗಲೇ ಶಟರು ಎತ್ತಲು ಅದರ ಹಿಡಿಯನ್ನು ಹುಡುಕುತ್ತಿತ್ತು.